ಹ್ಯಾಂಡಲ್‌ಗೆ ಗೋಣಿದಾರ, ಗ್ಲೋವ್ ಬಾಕ್ಸ್‌ಗೆ ರಬ್ಬರ್ ಬ್ಯಾಂಡ್: ಕಾರಿನ ಒಳಗಿನ ಮುರಿದ ಪ್ಲಾಸ್ಟಿಕ್ ಮನೆಯಲ್ಲೇ ಸರಿ ಮಾಡಬಹುದಾ?

ಕಕ್ಕಬ್ಬೆ ಜೇನು (ಭಾನುವಾರ, ರಾತ್ರಿ 9.40)

ನಮಸ್ಕಾರ ಎಲ್ಲರಿಗೂ. ನನ್ನದು 2012ರ ಸಣ್ಣ ಹ್ಯಾಚ್‌ಬ್ಯಾಕ್. ಯಾವ ಕಂಪನಿ ಅಂತ ಹೇಳುವುದಿಲ್ಲ. ಹೇಳಿದರೆ ಇಲ್ಲಿ ಅದರ ಮೇಲೆಯೇ ಎರಡು ಪುಟ ಜಗಳ ಆಗುತ್ತದೆ. ಎಂಜಿನ್‌ಗೆ ಏನೂ ಆಗಿಲ್ಲ. ತೊಂದರೆ ಎಲ್ಲ ಒಳಗಡೆ.

ಡ್ರೈವರ್ ಬಾಗಿಲಿನ ಒಳಗಿನ ಹ್ಯಾಂಡಲ್ ಎರಡು ತುಂಡಾಗಿದೆ. ಈಗ ಗೋಣಿದಾರ ಕಟ್ಟಿ ಎಳೆದು ಬಾಗಿಲು ತೆಗೆಯುತ್ತೇನೆ. ಗ್ಲೋವ್ ಬಾಕ್ಸ್ ಲಾಕ್‌ನ ಕೊಕ್ಕೆ ಮುರಿದಿದೆ, ಅದಕ್ಕೆ ರಬ್ಬರ್ ಬ್ಯಾಂಡ್. ಏಸಿ ಗಾಳಿ ಬರುವ ಕಿಂಡಿಯ ಒಂದು ಪಟ್ಟಿ ಸಡಿಲವಾಗಿ ಗುಂಡಿ ಸಿಕ್ಕಿದಲ್ಲೆಲ್ಲ ಟಕಟಕ ಅನ್ನುತ್ತದೆ. ಎಡಗಡೆ ಹಿಂದಿನ ಬಾಗಿಲಿನ ಟ್ರಿಮ್, ಅಂದರೆ ಒಳಗಿನ ಪ್ಲಾಸ್ಟಿಕ್ ಹೊದಿಕೆ, ಸೀಳಿದೆ. ಅದು ನಮ್ಮದೇ ತಪ್ಪು. ಕೊಯ್ಲಿನ ಸಮಯದಲ್ಲಿ ಸೀಟು ಮಡಚಿ ಕಾಫಿ ಮೂಟೆ ತುಂಬುತ್ತೇವೆ. ಕೊನೆಯದು ತಲೆ ಮೇಲಿನ ಬಟ್ಟೆ. ಹಿಂದಿನ ಸೀಟಿನ ಮೇಲೆ ಸೊಳ್ಳೆಪರದೆ ಥರ ಇಳಿದಿದೆ. ಅವ್ವ ಕೂತರೆ ಅವರ ತಲೆಗೆ ತಾಗುತ್ತದೆ. "ದಾರಿಯುದ್ದಕ್ಕೂ ಯಾರೋ ಆಶೀರ್ವಾದ ಮಾಡಿದ ಹಾಗಿದೆ" ಅನ್ನುತ್ತಾರೆ.

ಸರ್ವೀಸ್ ಸೆಂಟರ್‌ನಲ್ಲಿ ಕೇಳಿದೆ. ಕೊಕ್ಕೆ ಒಂದೇ ಬರುವುದಿಲ್ಲವಂತೆ, ಇಡೀ ಗ್ಲೋವ್ ಬಾಕ್ಸ್ ತರಿಸಬೇಕಂತೆ. ಟ್ರಿಮ್ ಕೂಡ ಇಡೀ ಪ್ಯಾನೆಲ್. ರೂಫ್ ಲೈನಿಂಗ್ ಬೇರೆ. ಎಲ್ಲ ಸೇರಿ 14,000 ರೂಪಾಯಿ, ಮೇಲೆ ಎರಡು ವಾರ ಕಾಯಬೇಕು. ಮನೆಯಲ್ಲೇ ಏನಾದರೂ ಮಾಡಬಹುದಾ? ಕೈಲ್ ಪೊಳ್ದ್ ಹಬ್ಬಕ್ಕೆ ಎರಡು ದಿನ ಬಿಡುವಿದೆ.

ಹೊಸ ಲೈಸೆನ್ಸ್

ಅಣ್ಣ, ತುಂಬಾ ಸುಲಭ. ಫೆವಿಕ್ವಿಕ್ ಹಾಕಿ, ಮೇಲೆ ಅಡುಗೆ ಸೋಡಾ ಉದುರಿಸಿ. ಒಂದೇ ಕ್ಷಣದಲ್ಲಿ ಕಲ್ಲು. ಅದರ ವಿಡಿಯೋ ಬೇಕಾದಷ್ಟು ಇದೆ.

ಕಕ್ಕಬ್ಬೆ ಜೇನು

ಅದನ್ನೂ ಮಾಡಿಯಾಯಿತು ತಮ್ಮಾ. ಹ್ಯಾಂಡಲ್ ನಾಲ್ಕು ದಿನ ನಿಂತಿತು. ಐದನೇ ದಿನ ನಾಪೋಕ್ಲು ಪೇಟೆಯಲ್ಲಿ, ಸುರಿಯುವ ಮಳೆಯಲ್ಲಿ, ಕೈಗೆ ಬಂತು. ಕಿಟಕಿ ಇಳಿಸಿ ಹೊರಗಿನಿಂದ ಬಾಗಿಲು ತೆಗೆಯುವಷ್ಟರಲ್ಲಿ ಒಂದು ತೋಳು ಪೂರ್ತಿ ಒದ್ದೆ. ಟ್ರಿಮ್‌ಗೆ ಹಾಕಿದ್ದು ಅದೇ ಸಂಜೆ ಕಿತ್ತಳೆ ಸಿಪ್ಪೆ ಥರ ಎದ್ದು ಬಂತು. ಸುತ್ತ ಬಿಳಿ ಬೂದಿ ಬೇರೆ ಕೂತಿದೆ.

ಟಿಂಕರ್ ಮಾಮ, ಕುಶಾಲನಗರ

ಅಂಟಿನದ್ದು ತಪ್ಪಲ್ಲ. ಯಾವ ಪ್ಲಾಸ್ಟಿಕ್ ಅಂತ ನೋಡದೆ ಅಂಟು ಹಾಕಿದ್ದು ತಪ್ಪು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮೊದಲು ಅಂಟು ಸುರಿದು ಹಾಳು ಮಾಡಿಕೊಂಡೇ ಬರುತ್ತಾರೆ. ಆಮೇಲೆ ಆ ಅಂಟು ಕೆರೆಯುವುದೇ ಒಂದು ಗಂಟೆ ಕೆಲಸ.

ಪಾರ್ಟ್ ಬಿಚ್ಚಿ ಹಿಂಬದಿ ನೋಡಿ. ಬಾಣದ ತುದಿಯಂಥ ಎರಡು ಗುರುತಿನ ನಡುವೆ ಪ್ಲಾಸ್ಟಿಕ್‌ನ ಜಾತಿ ಹೇಳುವ ಇಂಗ್ಲಿಷ್ ಅಕ್ಷರ ಅಚ್ಚು ಹಾಕಿರುತ್ತಾರೆ. ಪಿಪಿ, ಎಬಿಎಸ್, ಪಿಓಎಂ, ಪಿಎ66, ಹೀಗೆ. ಟಾರ್ಚ್ ಓರೆಯಾಗಿ ಹಿಡಿದರೆ ಕಾಣುತ್ತದೆ. ಎಬಿಎಸ್, ಅಂದರೆ ಟಿವಿ ರಿಮೋಟ್ ಜಾತಿಯ ಗಟ್ಟಿ ಪ್ಲಾಸ್ಟಿಕ್, ಆದರೆ ಖುಷಿ ಪಡಿ, ಅದಕ್ಕೆ ಅಂಟು ಹಿಡಿಯುತ್ತದೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್, ಬಕೆಟ್ ಜಾತಿ. ಕೆಸುವಿನ ಎಲೆ ಮೇಲೆ ನೀರು ನಿಲ್ಲುವುದಿಲ್ಲ ಅಲ್ವಾ, ಇದರ ಮೇಲೆ ಅಂಟಿನ ಕಥೆಯೂ ಅದೇ. ಇದನ್ನು ಕಾಯಿಸಿ ಕರಗಿಸಿಯೇ ಸೇರಿಸಬೇಕು. ಪಿಓಎಂ, ಅಂದರೆ ಕೊಕ್ಕೆಗೆ ಹಾಕುವ ನುಣುಪು ಗಟ್ಟಿ ಜಾತಿ, ಇದ್ದರೆ ಅಂಟಿನ ಆಸೆಯನ್ನೇ ಬಿಡಿ.

ಬಿಚ್ಚುವಾಗ ಸ್ಕ್ರೂಡ್ರೈವರ್ ತೂರಿಸಬೇಡಿ, ಗಾಯ ಆಗುತ್ತದೆ. ಹಳೇ ಎಟಿಎಂ ಕಾರ್ಡ್ ಅಥವಾ ಬಿದಿರಿನ ಚಕ್ಕೆ ಸಾಕು. ಬೆಳಗಿನ ಚಳಿಯಲ್ಲೂ ಬೇಡ. ತಣ್ಣಗಿದ್ದಾಗ ಕ್ಲಿಪ್ ಪಟ್ ಅಂತ ಮುರಿಯುತ್ತದೆ. ಬಿಸಿಲಿಗೆ ನಿಲ್ಲಿಸಿ, ಬಿಸಿಲಿಲ್ಲದಿದ್ದರೆ ಹೇರ್ ಡ್ರೈಯರ್ ಹಿಡಿಯಿರಿ.

ಹಳೇ ಜೀಪು, ಸಿದ್ದಾಪುರ

ಕಕ್ಕಬ್ಬೆಯಲ್ಲಿ ಈ ತಿಂಗಳು ಬಿಸಿಲಂತೆ. ಮಾಮ ತಮಾಷೆ ಮಾಡುತ್ತಿದ್ದಾರೆ.

ಲ್ಯಾಬ್ ಮೇಡಂ, ವಿರಾಜಪೇಟೆ

ಅಕ್ಷರ ಅಳಿಸಿ ಹೋಗಿದ್ದರೆ ಎರಡು ಪರೀಕ್ಷೆ ಇದೆ. ಕಾಣದ ಒಂದು ಮೂಲೆಗೆ ಅಸಿಟೋನ್ (ಪೇಂಟ್ ಅಂಗಡಿಯಲ್ಲಿ ಸಿಗುವ ದ್ರಾವಕ) ಅದ್ದಿದ ಹತ್ತಿಕಡ್ಡಿ ತಾಗಿಸಿ. ಅಂಟಂಟಾಗಿ ಕಡ್ಡಿ ಹಿಡಿದುಕೊಂಡರೆ ಬಹುತೇಕ ಎಬಿಎಸ್. ಏನೂ ಆಗದಿದ್ದರೆ ಪಿಪಿ ಇರಬಹುದು. ಇನ್ನೊಂದು ನೀರಿನ ಪರೀಕ್ಷೆ. ಸಣ್ಣ ಚೂರು ನೀರಿಗೆ ಹಾಕಿ. ಬರೀ ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಆದರೆ ಇಲ್ಲೊಂದು ಮೋಸವಿದೆ. ಕಾರಿನ ಪಿಪಿಗೆ ಗಟ್ಟಿ ಬರಲಿ ಅಂತ ಟಾಲ್ಕ್ ಪುಡಿ ಬೆರೆಸಿರುತ್ತಾರೆ. ಹಿಂದೆ ಟಿ20 ಅಂತ ಇದ್ದರೆ ನೂರಕ್ಕೆ ಇಪ್ಪತ್ತು ಭಾಗ ಟಾಲ್ಕ್. ಅದು ಪಿಪಿ ಆಗಿದ್ದರೂ ಮುಳುಗುತ್ತದೆ. ಹಾಗಾಗಿ ಬರೀ ನೀರನ್ನು ನಂಬಬೇಡಿ.

ಸೋಡಾ ವಿಷಯ. ಫೆವಿಕ್ವಿಕ್ ಥರದ ಸೂಪರ್ ಗ್ಲೂ ಗಟ್ಟಿಯಾಗಲು ತೇವ ಬೇಕು, ಕ್ಷಾರ ಸಿಕ್ಕಿದರೆ ಇನ್ನೂ ಬೇಗ. ಅಡುಗೆ ಸೋಡಾ ಕ್ಷಾರ. ಅದಕ್ಕೇ ತಕ್ಷಣ ಕಲ್ಲಾಗುವುದು. ಆದರೆ ಕಲ್ಲಿನ ಹಾಗೇ ಬಿರುಸು, ಬಾಗುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಎಳೆಯುವ ಹ್ಯಾಂಡಲ್‌ಗೆ ಅದು ಆಗದು. ಮೂಲೆ ತುಂಬಲು, ಅಲ್ಲಾಡದ ಸ್ಕ್ರೂ ತೂತು ಕಟ್ಟಲು ಚೆನ್ನಾಗಿದೆ. ಬೇಕಿಂಗ್ ಪೌಡರ್ ಬೇರೆ, ಅದನ್ನು ಹಾಕಬೇಡಿ. ಬಿಳಿ ಬೂದಿ ಅಂದಿರಲ್ಲ, ಅದು ಅಂಟಿನ ಆವಿ ಸುತ್ತ ಹೋಗಿ ಕೂತಿದ್ದು. ಜಾಸ್ತಿ ಸುರಿದಿದ್ದೀರಿ.

ಮತ್ತೆ ಒಂದು ಎಚ್ಚರಿಕೆ. ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿ ಬಟ್ಟೆಯಲ್ಲಿ ಒರೆಸಬೇಡಿ. ಹತ್ತಿಗೆ ತಾಗಿದರೆ ಸಿಕ್ಕಾಪಟ್ಟೆ ಬಿಸಿಯಾಗುತ್ತದೆ, ಹೊಗೆಯೂ ಬರುತ್ತದೆ. ನಮ್ಮ ಲ್ಯಾಬ್ ಅಟೆಂಡರ್ ಬೆರಳು ಸುಟ್ಟುಕೊಂಡಿದ್ದರು.

ಸೋಮವಾರಪೇಟೆ ಎಕ್ಸ್‌ಪ್ರೆಸ್

ಮೇಡಂ, ಹಾಗಾದರೆ ನಮ್ಮ ಕಡೆ ತೆರೆದ ಟ್ಯೂಬ್ ಜುಲೈಯಲ್ಲಿ ಎರಡೇ ದಿನಕ್ಕೆ ಒಳಗೊಳಗೇ ಕಲ್ಲಾಗುವುದು ಇದಕ್ಕೇನಾ? ಗಾಳಿಯ ತೇವ?

ಲ್ಯಾಬ್ ಮೇಡಂ, ವಿರಾಜಪೇಟೆ

ಅದಕ್ಕೇ. ಗಾಳಿಯಾಡದ ಡಬ್ಬಿಯಲ್ಲಿ, ಶೂ ಬಾಕ್ಸ್‌ನಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ಅಂದ ಹಾಗೆ, ರೈಲೇ ಇಲ್ಲದ ಜಿಲ್ಲೆಯಲ್ಲಿ ನೀವು ಯಾವ ಎಕ್ಸ್‌ಪ್ರೆಸ್?

ಸೋಮವಾರಪೇಟೆ ಎಕ್ಸ್‌ಪ್ರೆಸ್

ಬರದೇ ಇರುವ ಎಕ್ಸ್‌ಪ್ರೆಸ್.

ಕಕ್ಕಬ್ಬೆ ಜೇನು (ಸೋಮವಾರ, ಸಂಜೆ)

ಟಾರ್ಚ್ ಹಿಡಿದು ನೋಡಿದೆ. ಹ್ಯಾಂಡಲ್ ಎಬಿಎಸ್. ಟ್ರಿಮ್ ಪಿಪಿ, ಪಕ್ಕದಲ್ಲಿ ಟಿ20. ಗ್ಲೋವ್ ಬಾಕ್ಸ್ ಕೊಕ್ಕೆ ಪಿಓಎಂ. ಒಂದೇ ಗಾಡಿಯಲ್ಲಿ ಮೂರು ಮೂರು ಜಾತಿ ಇರುತ್ತದೆ ಅಂತ ಇವತ್ತೇ ಗೊತ್ತಾಗಿದ್ದು. ಎಲ್ಲಕ್ಕೂ ಒಂದೇ ಅಂಟು ಸುರಿದಿದ್ದೆ.

ಟಿಂಕರ್ ಮಾಮ, ಕುಶಾಲನಗರ

ಸರಿ, ಈಗ ಮಾತಾಡಬಹುದು. ಮೊದಲು ಹ್ಯಾಂಡಲ್.

ಒಡೆದ ಕೀಬೋರ್ಡ್, ಟಿವಿ ರಿಮೋಟ್ ಏನಾದರೂ ಮನೆಯಲ್ಲಿ ಬಿದ್ದಿದೆಯಾ? ಅದರ ಹಿಂದೆಯೂ ಎಬಿಎಸ್ ಅಂತ ಇದ್ದರೆ ಅದನ್ನು ಕಟಿಂಗ್ ಪ್ಲೈಯರ್‌ನಲ್ಲಿ ಚೂರು ಮಾಡಿ. ಕಪ್ಪು ಬಣ್ಣದ್ದು ಸಿಕ್ಕಿದರೆ ಒಳ್ಳೆಯದು. ಗಾಜಿನ ಸಣ್ಣ ಬಾಟಲಿಗೆ ಹಾಕಿ, ಚೂರು ಮುಳುಗುವಷ್ಟು ಅಸಿಟೋನ್ ಹೊಯ್ದು ಮುಚ್ಚಳ ಬಿಗಿ ಮಾಡಿ. ಗಾಜೇ ಆಗಬೇಕು. ಥರ್ಮಾಕೋಲ್ ಕಪ್ಪಿಗೆ ಹೊಯ್ದರೆ ಕಪ್ಪೇ ಕರಗುತ್ತದೆ. ರಾತ್ರಿ ಇಟ್ಟರೆ ಬೆಳಿಗ್ಗೆಗೆ ಗಂಜಿ. ಜೇನಿನ ಹದಕ್ಕೆ ಬರಬೇಕು. ಹದ ನಿಮಗೆ ಹೇಳಿಕೊಡಬೇಕಾ?

ಈಗ ಮುರಿದ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಹಳೇ ಅಂಟು ಪೂರ್ತಿ ತೆಗೆಯಿರಿ. ಎರಡೂ ತುಂಡು ಸೇರುವಲ್ಲಿ ಬ್ಲೇಡ್‌ನಿಂದ ಕೆರೆದು ಸಣ್ಣ ಕಾಲುವೆ ಮಾಡಿ. ಬರೀ ಅಂಚಿಗೆ ಅಂಚು ಅಂಟಿಸಿದ್ದು ನಿಲ್ಲುವುದಿಲ್ಲ. ಹಿಂಬದಿಗೆ ಕಬ್ಬಿಣದ ಬೆನ್ನೆಲುಬು ಬೇಕು. ಅದಕ್ಕೆ ಮುರಿದ ಕೊಡೆಯ ಕಡ್ಡಿಯಷ್ಟು ಒಳ್ಳೆಯದು ಬೇರೆ ಇಲ್ಲ. ತೆಳು, ಗಟ್ಟಿ, ಬೇಕಾದ ಹಾಗೆ ಬಾಗುತ್ತದೆ. ಕೊಡಗಿನಲ್ಲಿ ಮುರಿದ ಕೊಡೆ ಇಲ್ಲದ ಮನೆ ಯಾವುದು? ಎರಡು ಇಂಚು ಕತ್ತರಿಸಿ, ಹ್ಯಾಂಡಲ್‌ನ ಬಾಗಿಗೆ ಸರಿಯಾಗಿ ಬಗ್ಗಿಸಿ, ಹಿಂಬದಿ ಕೂರಿಸಿ, ಗಂಜಿ ತುಂಬಿ.

ಒಂದೇ ಸಲ ದಪ್ಪ ಬಳಿಯಬೇಡಿ. ಅಸಿಟೋನ್ ಆರುತ್ತಾ ಹೋದ ಹಾಗೆ ಗಂಜಿ ಕುಗ್ಗುತ್ತದೆ. ತೆಳ್ಳಗೆ ಮೂರು ಸಲ, ನಡುವೆ ಒಣಗಲು ಬಿಡಿ. ಕೊನೆಯದಾದ ಮೇಲೆ ಪೂರ್ತಿ ಒಂದು ದಿನ ಮುಟ್ಟಬೇಡಿ. ನಿಮ್ಮ ಕಡೆಯ ಮಳೆಗೆ ಈಗ ಎರಡು ದಿನ ಬೇಕು.

ಲ್ಯಾಬ್ ಮೇಡಂ, ವಿರಾಜಪೇಟೆ

ಅಸಿಟೋನ್ ಪೇಂಟ್ ಅಂಗಡಿಯಲ್ಲಿ ಕೇಳಿ. ನೈಲ್ ಪಾಲಿಶ್ ರಿಮೂವರ್ ತರುವುದಾದರೆ ಅಸಿಟೋನ್ ಇಲ್ಲದ್ದೂ ಮಾರುತ್ತಾರೆ, ಬಾಟಲಿ ಓದಿ ತನ್ನಿ. ಒಲೆ ಹತ್ತಿರ ಖಂಡಿತ ಬೇಡ. ಪೆಟ್ರೋಲ್ ಹಿಡಿಯುವ ಹಾಗೇ ಬೆಂಕಿ ಹಿಡಿಯುತ್ತದೆ. ಮಳೆ ಅಂತ ಬಾಗಿಲು ಹಾಕಿಕೊಂಡು ಕೋಣೆಯೊಳಗೆ ಕೂರಬೇಡಿ, ಜಗಲಿಗೆ ಬನ್ನಿ. ಒಂದು ಹನಿ ಡ್ಯಾಶ್‌ಬೋರ್ಡ್ ಮೇಲೆ ಬಿದ್ದರೂ ಕಲೆ ಶಾಶ್ವತ.

ಹಳೇ ಜೀಪು, ಸಿದ್ದಾಪುರ

ಇಷ್ಟೆಲ್ಲ ಗಂಜಿ ಬೇಯಿಸುವ ಬದಲು ನನ್ನ ಹಾಗೆ ಮಾಡು. ಬಿರುಕಿನ ಎರಡೂ ಬದಿಗೆ ಸೂಜಿ ಕಾಯಿಸಿ ತೂತು ಹಾಕು. ಸುಟ್ಟ ಫ್ಯಾನ್ ಮೋಟರ್‌ನ ತಾಮ್ರದ ತಂತಿ ತೆಗೆದು ಬೂಟು ಹೊಲಿದ ಹಾಗೆ ಹೊಲಿ. ಗಂಟು ಹಿಂದೆ. ಮೇಲೆ ಎಂ-ಸೀಲ್ ಒತ್ತು. ನನ್ನ ಜೀಪಿನ ಸ್ವಿಚ್ ಪ್ಯಾನೆಲ್ ಹೀಗೆ ಹೊಲಿದು ಹನ್ನೊಂದು ವರ್ಷ ಆಯಿತು. ತೋಟದ ಕಲ್ಲುದಾರಿಯಲ್ಲಿ ದಿನಾ ಓಡುತ್ತದೆ. ಜೀಪೇ ಸಡಿಲ ಆಗಿದೆ, ಹೊಲಿಗೆ ಆಗಿಲ್ಲ.

ಸೋಮವಾರಪೇಟೆ ಎಕ್ಸ್‌ಪ್ರೆಸ್

ಅಂಕಲ್, ನಿಮ್ಮ ಹೊಲಿಗೆಗೆ ನಮಸ್ಕಾರ. ಆದರೆ ಎಂ-ಸೀಲ್ ನುಣುಪು ಪ್ಲಾಸ್ಟಿಕ್ ಮೇಲೆ ಹಾಗೇ ಒತ್ತಿದರೆ ಒಣಗಿದ ಮೇಲೆ ಬಿಲ್ಲೆಯಾಗಿ ಕಳಚುತ್ತದೆ. ನನಗೆ ಎರಡು ಸಲ ಆಗಿದೆ. ಮೊದಲು 80 ನಂಬರ್ ಉಪ್ಪುಕಾಗದದಲ್ಲಿ ಚೆನ್ನಾಗಿ ಗೀರು ಹಾಕಬೇಕು. ಪಿಪಿ ಮೇಲಂತೂ ಗೀರು ಹಾಕಿದರೂ ನಂಬಲಾಗದು.

ಹಳೇ ಜೀಪು, ಸಿದ್ದಾಪುರ

ಹೊಲಿಗೆ ಹಿಡಿದುಕೊಂಡಿರುತ್ತದಲ್ಲ ಮಗಾ. ಎಂ-ಸೀಲ್ ಬರೀ ಮೈ ಮುಚ್ಚಲಿಕ್ಕೆ.

ಹೊಸ ಲೈಸೆನ್ಸ್

ನೋಡೋಕೆ ಚೆನ್ನಾಗಿರಲ್ಲ ಅಲ್ವಾ?

ಹಳೇ ಜೀಪು, ಸಿದ್ದಾಪುರ

ಹುಡುಗಿ ನೋಡಲು ಹೋಗುವ ಗಾಡಿ ಬೇರೆ ಇಟ್ಟುಕೋ.

ಟಿಂಕರ್ ಮಾಮ, ಕುಶಾಲನಗರ

ಜೀಪಿನವರು ಹೇಳಿದ್ದರಲ್ಲಿ ಹುರುಳಿದೆ. ಪಿಪಿ ಟ್ರಿಮ್‌ಗೆ ನಾನೂ ಹೊಲಿಗೆಯೇ ಹಾಕುತ್ತೇನೆ, ತಂತಿ ಬದಲು ಸ್ಟೇಪ್ಲರ್ ಪಿನ್. ಹಿಂಬದಿಯಿಂದ ಸೀಳಿಗೆ ಅಡ್ಡವಾಗಿ ಪಿನ್ ಇಟ್ಟು, ಮೇಲೆ ಸೋಲ್ಡರಿಂಗ್ ಕಡ್ಡಿ ಒತ್ತಿ. ಪಿನ್ ಕಾದು ಪ್ಲಾಸ್ಟಿಕ್‌ನೊಳಗೆ ಮುಳುಗುತ್ತದೆ. ಅರ್ಧ ದಪ್ಪಕ್ಕೆ ನಿಲ್ಲಿಸಿ, ಇಲ್ಲದಿದ್ದರೆ ಮುಂದೆ ಉಬ್ಬು ಕಾಣುತ್ತದೆ. ಒಂದು ಇಂಚಿಗೆ ಎರಡು ಪಿನ್. ಆಮೇಲೆ ಅದೇ ಜಾತಿಯ ಪ್ಲಾಸ್ಟಿಕ್ ಕರಗಿಸಿ ಮುಚ್ಚಿ. ಐಸ್‌ಕ್ರೀಮ್ ಡಬ್ಬಿಯ ತಳ ನೋಡಿ, ತ್ರಿಕೋನದೊಳಗೆ 5 ಅಂತಿದ್ದರೆ ಅದು ಪಿಪಿ. 2 ಇದ್ದರೆ ಬೇರೆ ಜಾತಿ, ಪಿಪಿ ಜೊತೆ ಬೆರೆಯುವುದಿಲ್ಲ. ಆರಿದ ಮೇಲೆ ಉಗುರಿನಲ್ಲಿ ಎತ್ತಿದರೆ ಎದ್ದು ಬರುತ್ತದೆ. ಹೊಗೆ ಬಂತು ಅಂದರೆ ಕಡ್ಡಿ ಜಾಸ್ತಿ ಕಾದಿದೆ ಅಂತ ಅರ್ಥ. ಪಿಪಿ ಸುಮಾರು 160 ಡಿಗ್ರಿಗೇ ಕರಗುತ್ತದೆ, ಸುಡಬೇಕಾಗಿಲ್ಲ.

ಕರೆಂಟ್ ಇಲ್ಲದ ದಿನ ಹಳೇ ಚಾಕು ಗ್ಯಾಸ್ ಮೇಲೆ ಕಾಯಿಸಿಯೂ ಮಾಡಿದ್ದೇನೆ. ಹೆಂಡತಿ ಕೈಯಲ್ಲಿ ಬೈಸಿಕೊಂಡಿದ್ದೇನೆ.

ಪಿಓಎಂ ಕೊಕ್ಕೆಗೆ ಅಂಟು ಹಿಡಿಯುವುದಿಲ್ಲ, ಹೊಸದೇ ಮಾಡಿ. ಎಚ್‌ಎಸ್‌ಆರ್‌ಪಿ ಹಾಕಿಸಿದ ಮೇಲೆ ಹಳೇ ನಂಬರ್ ಪ್ಲೇಟ್ ಎಲ್ಲಿ ಹೋಯಿತು? ಅಲ್ಯೂಮಿನಿಯಂ ಆಗಿದ್ದರೆ ತಗಡು ಕತ್ತರಿಯಲ್ಲಿ ಸುಲಭವಾಗಿ ಕತ್ತರಿಸಬಹುದು. ಮುರಿದ ಕೊಕ್ಕೆಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಳ್ಳಿ. ಎರಡು ಪದರ ಮಡಚಿ ಬಡಿದರೆ ಬೇಕಾದ ದಪ್ಪ ಬರುತ್ತದೆ. ಅಂಚನ್ನು ಅರದಲ್ಲಿ ಉಜ್ಜಿ, ಇಲ್ಲದಿದ್ದರೆ ಒಂದು ದಿನ ಬೆರಳು ಕೊಯ್ಯುತ್ತದೆ.

ಸೂಜಿದಾರ, ಗೋಣಿಕೊಪ್ಪ

ರೂಫ್ ಬಗ್ಗೆ ಯಾರೂ ಮಾತಾಡಲಿಲ್ಲ, ನನಗೇ ಬಿಟ್ಟಿದ್ದೀರಿ ಅಂದುಕೊಳ್ಳುತ್ತೇನೆ. ಸೀಟು ಹೊಲಿಯುವ ಕೆಲಸ ನನ್ನದು.

ಆ ಬಟ್ಟೆ ಬರೀ ಬಟ್ಟೆ ಅಲ್ಲ. ಹಿಂದೆ ತೆಳು ಸ್ಪಂಜು ಇರುತ್ತದೆ. ಸ್ಪಂಜನ್ನು ಗಟ್ಟಿ ಬೋರ್ಡಿಗೆ ಅಂಟಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ತೇವ ತಿಂದು ಸ್ಪಂಜು ಪುಡಿಯಾಗುತ್ತದೆ. ಇಳಿದ ಜಾಗದಲ್ಲಿ ಬೆರಳು ತೂರಿಸಿ ಉಜ್ಜಿ ನೋಡಿ, ಹಳದಿ ಪುಡಿ ಬರುತ್ತದೆ, ಅರಿಶಿನದ ಹಾಗೆ. ಅಂದರೆ ಅಂಟು ಬಿಟ್ಟಿದ್ದಲ್ಲ, ಸ್ಪಂಜೇ ಸತ್ತಿದ್ದು. ಸಿರಿಂಜಿನಲ್ಲಿ ಅಂಟು ಚುಚ್ಚಿ ಒತ್ತುವವರಿದ್ದಾರೆ. ಅದು ಪುಡಿಗೆ ಅಂಟು ಹಾಕಿದ ಹಾಗೆ. ವಾರದಲ್ಲಿ ಮತ್ತೆ ಇಳಿಯುತ್ತದೆ, ಜೊತೆಗೆ ಕಲೆ ಉಳಿಯುತ್ತದೆ.

ಸರಿಯಾದ ಕೆಲಸ ಅಂದರೆ ಬೋರ್ಡ್ ಹೊರಗೆ ತೆಗೆಯಬೇಕು. ಸನ್ ವೈಸರ್, ಮೇಲಿನ ಹಿಡಿಕೆ, ಲೈಟು, ಬದಿಯ ಪಟ್ಟಿ ಎಲ್ಲ ಬಿಚ್ಚಿ, ಮುಂದಿನ ಸೀಟು ಪೂರ್ತಿ ಒರಗಿಸಿ, ಡಿಕ್ಕಿ ಬಾಗಿಲಿಂದ ಹೊರಗೆ. ಇಬ್ಬರು ಬೇಕು. ಮಡಚಿದರೆ ಬೋರ್ಡ್ ಮುರಿಯುತ್ತದೆ, ಆ ಗೆರೆ ಬಟ್ಟೆ ಹಾಕಿದ ಮೇಲೂ ಕಾಣುತ್ತದೆ. ಬಟ್ಟೆ ಕಿತ್ತು, ಬ್ರಶ್‌ನಲ್ಲಿ ಪುಡಿಯನ್ನೆಲ್ಲ ಉಜ್ಜಿ ತೆಗೆಯಿರಿ. ಮೂಗಿಗೆ ಮಾಸ್ಕ್ ಹಾಕಿ. ಈ ಉಜ್ಜುವ ಕೆಲಸಕ್ಕೆ ಸೋಮಾರಿತನ ಮಾಡಿದವರೇ ಮತ್ತೆ ನನ್ನ ಹತ್ತಿರ ಬರುವುದು.

ಹೊಸ ಬಟ್ಟೆ ಸ್ಪಂಜು ಸೇರಿಸಿದ್ದೇ ತರಬೇಕು. ಅಂಟು ಬೋರ್ಡಿಗೂ ಬಟ್ಟೆಗೂ ಎರಡಕ್ಕೂ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು, ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತಾ ಬನ್ನಿ. ಹಸಿ ಇರುವಾಗಲೇ ಒತ್ತಿದರೆ ಅಂಟು ಬಟ್ಟೆಯಲ್ಲಿ ಇಣುಕುತ್ತದೆ. ಬಿಸಿ ತಡೆಯುವ ಅಂಟೇ ಬೇಕು. ಇಲ್ಲಿ ತಂಪು ಸರಿ, ಏಪ್ರಿಲ್‌ನಲ್ಲಿ ಮೈಸೂರಿಗೆ ಹೋಗಿ ಬಿಸಿಲಲ್ಲಿ ನಿಲ್ಲಿಸಿದಿರೋ, ಎಲ್ಲ ಇಳಿದು ಬರುತ್ತದೆ.

ಆದರೆ ಈಗ ಮಾಡಬೇಡಿ. ಕೈ ಮುಗಿದು ಹೇಳುತ್ತೇನೆ, ಮಳೆಗಾಲದಲ್ಲಿ ಬೇಡ. ಈ ಅಂಟು ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಬಿಳಿ ಮಂಜು ಹಿಡಿದ ಹಾಗೆ ಕಾಣುತ್ತದೆ. ಅದರ ಮೇಲೆ ಏನೂ ಅಂಟುವುದಿಲ್ಲ. ಜನವರಿಗೆ ಮಾಡಿ. ಅಲ್ಲಿವರೆಗೆ ನಮ್ಮ ಅಂಗಡಿಯಲ್ಲಿ ಸಿಗುವಂಥ ಸುರುಳಿ ಪಿನ್ ತಿರುಗಿಸಿ ಹಾಕಿಕೊಳ್ಳಿ. ಗುಂಡುಸೂಜಿ ಬೇಡ, ಗುಂಡಿಗೆ ಇಳಿದಾಗ ಅಮ್ಮನ ತಲೆಗೆ ಬೀಳುತ್ತದೆ.

ಕಕ್ಕಬ್ಬೆ ಜೇನು

ಸೂಜಿದಾರ ಅಣ್ಣ, ಹಳದಿ ಪುಡಿ ಬಂತು. ಅರಿಶಿನವೇ. ಅವ್ವನ ಆಶೀರ್ವಾದ ಜನವರಿವರೆಗೆ ಮುಂದುವರಿಯುತ್ತದೆ.

ಘಾಟಿ ಬಸ್, ಸಂಪಾಜೆ

ಮಾರಾಯ್ರೆ, ಎಲ್ಲರೂ ಬಿಚ್ಚಿ ಬಿಚ್ಚಿ ಅಂತಿದ್ದೀರಿ. ಏರ್‌ಬ್ಯಾಗ್ ವಿಷಯ ಯಾರಾದರೂ ಹೇಳಿದ್ದೀರಾ? ನಮ್ಮ ದೇಶದಲ್ಲಿ ಹೊಸ ಕಾರಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈಯಿಂದ. 2012ರ ಗಾಡಿಯಲ್ಲಿ ಇಲ್ಲದೆಯೂ ಇರಬಹುದು. ಆದರೆ ಇದನ್ನು ಓದಿ ಹೊಸ ಗಾಡಿಯವರು ಬಿಚ್ಚಲು ಕೂತರೆ?

ಸ್ಟೀರಿಂಗ್ ನಡುವೆ, ಡ್ಯಾಶ್‌ಬೋರ್ಡ್ ಎಡಬದಿ, ಗಾಜುಗಳ ನಡುವಿನ ಕಂಬದ ಪಟ್ಟಿ, ಸೀಟಿನ ಬದಿ, ಎಲ್ಲಿ ಎಸ್‌ಆರ್‌ಎಸ್ ಅಥವಾ ಏರ್‌ಬ್ಯಾಗ್ ಅಂತ ಬರೆದಿದೆಯೋ ಅಲ್ಲಿ ಕೈ ಹಾಕಬೇಡಿ. ಅಂಟು ಬೇಡ, ಹೊಲಿಗೆ ಬೇಡ, ಮೇಲೆ ದೇವರ ಮೂರ್ತಿಯೂ ಬೇಡ. ಆ ಮುಚ್ಚಳ ಸರಿಯಾದ ಗೆರೆಯಲ್ಲಿ ಹರಿದು ತೆರೆಯಬೇಕು ಅಂತಲೇ ಮಾಡಿರುತ್ತಾರೆ. ಅಂಟಿಸಿದರೆ ಹರಿಯುವುದಿಲ್ಲ, ಮೂರ್ತಿ ಇಟ್ಟರೆ ಅದೇ ಮುಖಕ್ಕೆ ಬರುತ್ತದೆ. ಏರ್‌ಬ್ಯಾಗಿನ ಹಳದಿ ವೈರ್ ಕಂಡರೆ ಅಲ್ಲಿಗೇ ನಿಲ್ಲಿಸಿ. ರೂಫ್ ಅಂಚಿನಲ್ಲೂ ಕೆಲವು ಗಾಡಿಗೆ ಪರದೆ ಏರ್‌ಬ್ಯಾಗ್ ಇರುತ್ತದೆ. ಸೀಟ್ ಬೆಲ್ಟಿನ ಬಕಲ್ ಮುರಿದರೂ ಮನೆಯಲ್ಲಿ ರಿಪೇರಿ ಬೇಡ, ಹೊಸದೇ ಹಾಕಿಸಿ. ಜಿಪುಣತನಕ್ಕೆ ಒಂದು ಜಾಗ ಅಂತ ಇದೆ.

ಟಿಂಕರ್ ಮಾಮ, ಕುಶಾಲನಗರ

ಇದನ್ನು ನಾನೇ ಮೊದಲು ಹೇಳಬೇಕಿತ್ತು. ಒಪ್ಪಿದೆ.

ಹೊಸ ಲೈಸೆನ್ಸ್

ನನ್ನ ಗಾಡಿಯ ಸ್ವಿಚ್ ಸುತ್ತ ರಬ್ಬರ್ ಥರದ ಪದರ ಕರಗಿ ಕೈಗೆ ಅಂಟುತ್ತಿದೆ. ಸೋಪು ನೀರಿನಲ್ಲಿ ಒರೆಸಿದೆ, ಹೋಗಲಿಲ್ಲ.

ಲ್ಯಾಬ್ ಮೇಡಂ, ವಿರಾಜಪೇಟೆ

ಐಸೊಪ್ರೊಪೈಲ್ ಆಲ್ಕೋಹಾಲ್, ಬಟ್ಟೆಗೆ ಸ್ವಲ್ಪ ಹಾಕಿ ಒರೆಸಿ. ಆ ಪದರ ಪೂರ್ತಿ ಹೋಗುತ್ತದೆ, ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಸಿಗುತ್ತದೆ. ಸ್ವಿಚ್ ಮೇಲಿನ ಚಿಹ್ನೆಯೂ ಅಳಿಸಬಹುದು, ಮೊದಲು ಮೂಲೆಯಲ್ಲಿ ನೋಡಿ.

ಸೋಮವಾರಪೇಟೆ ಎಕ್ಸ್‌ಪ್ರೆಸ್

ರೂಫ್ ಅಂದಿರಲ್ಲ, ಅದಕ್ಕೆ ನೆನಪಾಯಿತು. ನನ್ನ ರೂಫ್ ಬಟ್ಟೆ ಇಳಿದಿದ್ದಲ್ಲ, ಇಲಿ ತಿಂದಿದ್ದು. ಮಳೆಗೆ ಬೆಚ್ಚಗಿರುತ್ತದೆ ಅಂತ ಒಳಗೆ ಸೇರಿಕೊಂಡಿತ್ತು. ಸ್ಪಂಜು ಕಿತ್ತು ಸ್ಪೀಕರ್ ಹಿಂದೆ ಬಾಣಂತನ ಮಾಡಿಕೊಂಡಿತ್ತು. ನಾಲ್ಕು ಮರಿ. ಇದಕ್ಕೆ ಯಾವ ಅಂಟು?

ಹಳೇ ಜೀಪು, ಸಿದ್ದಾಪುರ

ಬೆಕ್ಕು.

ಕಕ್ಕಬ್ಬೆ ಜೇನು (ಮೂರು ವಾರದ ನಂತರ, ಶುಕ್ರವಾರ)

ವರದಿ ಒಪ್ಪಿಸುತ್ತಿದ್ದೇನೆ. ಕೈಲ್ ಪೊಳ್ದ್ ಮಾರನೇ ದಿನ ಕೂತೆ. ಹೊಟ್ಟೆ ತುಂಬ ಪಂದಿ ಕರಿ, ಕಡಂಬುಟ್ಟು ಇದ್ದಿದ್ದರಿಂದ ಬಗ್ಗುವುದೇ ಕಷ್ಟ ಆಯಿತು.

ಹ್ಯಾಂಡಲ್: ಮಗಳ ಹಳೇ ಕಂಪ್ಯೂಟರ್ ಕೀಬೋರ್ಡ್ ಬಲಿ ಆಯಿತು. ಮೊದಲ ಗಂಜಿ ನೀರಾಯಿತು, ಅಸಿಟೋನ್ ಜಾಸ್ತಿ ಹಾಕಿದ್ದೆ. ಮುಚ್ಚಳ ಅರ್ಧ ಗಂಟೆ ತೆಗೆದಿಟ್ಟು ಹದಕ್ಕೆ ತಂದೆ. ಕೊಡೆ ಕಡ್ಡಿ ಬಗ್ಗಿಸುವುದೇ ದೊಡ್ಡ ಕೆಲಸ. ಹ್ಯಾಂಡಲ್‌ನ ಹಿಂದೆ ಎರಡು ಕಡೆ ಬಾಗಿದೆ, ಒಂದು ಕಡೆ ಸರಿ ಕೂತರೆ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಕೊನೆಗೆ ಒಂದು ಕಡ್ಡಿಯ ಬದಲು ಎರಡು ಗಿಡ್ಡ ತುಂಡು ಹಾಕಿದೆ. ಮೂರು ಸಲ ಬಳಿದೆ. ಎರಡು ದಿನ ಒಲೆಯ ಕೋಣೆಯಿಂದ ದೂರ, ಅಟ್ಟದಲ್ಲಿ ಇಟ್ಟೆ. ಮುಂದಿನಿಂದ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಹದಿನೈದು ದಿನ ಆಯಿತು, ನಿಂತಿದೆ.

ಬಾಗಿಲಿನ ಪ್ಯಾನೆಲ್ ತೆಗೆದಾಗ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಕಪ್ಪು ಗಮ್‌ನಲ್ಲಿ ಅಂಟಿತ್ತು. ಏನೋ ಪ್ಯಾಕಿಂಗ್ ಇರಬೇಕು ಅಂತ ಕಿತ್ತು ಬಿಸಾಡುವವನಿದ್ದೆ. ಅದೃಷ್ಟಕ್ಕೆ ಇಲ್ಲಿ ಫೋಟೋ ಹಾಕಿ ಕೇಳಿದೆ, ಟಿಂಕರ್ ಮಾಮ ಫೋನಿನಲ್ಲೇ ಬೈದರು. ಕಿಟಕಿ ಗಾಜಿನ ಸಂದಿಯಿಂದ ಇಳಿಯುವ ಮಳೆ ನೀರು ಬಾಗಿಲಿನ ಒಳಗೇ ಇಳಿದು ಕೆಳಗಿನ ತೂತಿನಿಂದ ಹೊರಗೆ ಹೋಗುತ್ತದಂತೆ. ಹಾಳೆ ಇಲ್ಲದಿದ್ದರೆ ಅಷ್ಟೂ ನೀರು ಕಾರ್ಪೆಟ್‌ಗೆ. ನಮ್ಮ ಮಳೆಗೆ ಒಂದೇ ವಾರದಲ್ಲಿ ಅಣಬೆ ಏಳುತ್ತಿತ್ತು. ಹಾಳೆಯನ್ನು ವಾಪಸ್ ಒತ್ತಿ ಅಂಟಿಸಿದೆ. ಕೆಳಗಿನ ತೂತು ನೋಡಿದರೆ ಮಣ್ಣು, ಎಲೆ, ನಾಲ್ಕು ಕಾಫಿ ಬೀಜ ಸೇರಿ ಮುಚ್ಚಿತ್ತು. ಕಡ್ಡಿ ತೂರಿಸಿದ ತಕ್ಷಣ ಒಂದು ಲೋಟದಷ್ಟು ನೀರು ಸುರಿಯಿತು.

ಟ್ರಿಮ್: ಎಡಗಡೆ ಹಿಂದಿನದು. ಹನ್ನೆರಡು ಸ್ಟೇಪ್ಲರ್ ಪಿನ್. ಒಂದನ್ನು ಜಾಸ್ತಿ ಒತ್ತಿದೆ, ಮುಂದೆ ಮೊಡವೆ ಥರ ಎದ್ದಿದೆ. ಪರವಾಗಿಲ್ಲ, ಮೂಟೆ ಹಾಕುವ ಜಾಗ.

ಏಸಿ ಪಟ್ಟಿ: ಇದರಷ್ಟು ಖುಷಿ ಕೊಟ್ಟಿದ್ದು ಬೇರೆ ಇಲ್ಲ. ಪಟ್ಟಿಯ ತುದಿಯಲ್ಲಿ ಅಕ್ಕಿ ಕಾಳಿಗಿಂತ ಸಣ್ಣ ಗೂಟ ಇರುತ್ತದೆ, ಅದು ತೂತಿನಲ್ಲಿ ಕೂತು ತಿರುಗುತ್ತದೆ. ಆ ಗೂಟ ಮುರಿದಿತ್ತು. ಹೇರ್‌ಪಿನ್‌ನಲ್ಲಿ ಪಟ್ಟಿಯನ್ನು ಹೊರಗೆ ಎಳೆದೆ. ಗುಂಡುಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಮೇಣದ ಬತ್ತಿಯಲ್ಲಿ ಕಾಯಿಸಿ, ಮುರಿದ ಜಾಗಕ್ಕೆ ನೇರವಾಗಿ ಚುಚ್ಚಿದೆ. ತಣ್ಣಗಾದ ಮೇಲೆ ಎರಡು ಮಿಲಿಮೀಟರ್ ಬಿಟ್ಟು ಕತ್ತರಿಸಿದೆ. ಮೊದಲ ಸಲ ಓರೆ ಹೋಯಿತು, ಎರಡನೇ ಸಲ ಸರಿ ಬಂತು. ಪಟ್ಟಿ ಬಾಗಿಸಿ ಒಳಗೆ ತಳ್ಳಿದರೆ ಟಿಕ್ ಅಂತ ಕೂತಿತು. ಖರ್ಚು ಸೊನ್ನೆ. ಟಕಟಕ ನಿಂತ ಮೇಲೆ ಈಗ ಹಿಂದಿನ ಸಸ್ಪೆನ್ಷನ್ ಸದ್ದು ಕೇಳಿಸುತ್ತಿದೆ. ಅದು ಬೇರೆ ಕಥೆ.

ಕೊಕ್ಕೆ: ಹಳೇ ನಂಬರ್ ಪ್ಲೇಟ್ ಕೋಳಿಗೂಡಿನ ಬಾಗಿಲಾಗಿತ್ತು. ಕೋಳಿಗೆ ಹಲಗೆ ಕೊಟ್ಟು ಪ್ಲೇಟ್ ಬಿಡಿಸಿಕೊಂಡೆ. ಗ್ಲೋವ್ ಬಾಕ್ಸ್ ತೆಗೆದರೆ ಕೊಕ್ಕೆ ಮೇಲೆ ಕೆಎ 12ರ 2 ಅರ್ಧ ಕಾಣುತ್ತದೆ. ಮುಚ್ಚುವಾಗ ಮೊದಲಿಗಿಂತ ಗಟ್ಟಿ ಸದ್ದು. ಆದರೂ ನಮ್ಮ ಮನೆಯವರು ಅಭ್ಯಾಸಬಲದಿಂದ ರಬ್ಬರ್ ಬ್ಯಾಂಡ್ ಹಾಕಿಯೇ ಇಳಿಯುತ್ತಾರೆ.

ಅಸಿಟೋನ್, ಸೋಲ್ಡರಿಂಗ್ ಕಡ್ಡಿ, ಒಂದು ಪೊಟ್ಟಣ ಡೋರ್ ಕ್ಲಿಪ್ (ಬಿಚ್ಚುವಾಗ ಮೂರು ಮುರಿದೆ), ಉಪ್ಪುಕಾಗದ, ಸುರುಳಿ ಪಿನ್. ಒಟ್ಟು 690 ರೂಪಾಯಿ.

ಒಂದೇ ಸಮಸ್ಯೆ. ಎಲ್ಲ ಮುಗಿದ ಮೇಲೆ ತಟ್ಟೆಯಲ್ಲಿ ಎರಡು ಸ್ಕ್ರೂ ಉಳಿದಿವೆ. ಒಂದು ಉದ್ದದ್ದು, ತಲೆಗೆ ವಾಷರ್ ಸೇರಿಕೊಂಡೇ ಇದೆ. ಇನ್ನೊಂದು ಗಿಡ್ಡ, ತಲೆ ಚಪ್ಪಟೆ. ಫೋಟೋ ಹಾಕಿದ್ದೇನೆ. ಬಾಗಿಲು ಚೆನ್ನಾಗೇ ಇದೆ, ಮುಚ್ಚಲು ಎಳೆದಾಗ ಮಾತ್ರ ಪ್ಯಾನೆಲ್ ಸ್ವಲ್ಪ ಕಿರ್ ಅನ್ನುತ್ತದೆ.

ಟಿಂಕರ್ ಮಾಮ, ಕುಶಾಲನಗರ

ಉದ್ದದ್ದು ಮುಖ್ಯವಾದ್ದು. ಬಾಗಿಲು ಮುಚ್ಚಲು ಕೈ ಹಾಕಿ ಎಳೆಯುವ ಗುಳಿ ಇದೆಯಲ್ಲ, ಅದರ ತಳದಲ್ಲಿ ಬೆರಳಿನ ಉಗುರಿನಷ್ಟು ಮುಚ್ಚಳ ಇರಬೇಕು. ಅದರ ಕೆಳಗೆ ಬಾಗಿಲಿನ ಕಬ್ಬಿಣಕ್ಕೆ ಬಿಗಿಯುವ ಸ್ಕ್ರೂ ಅದು. ಎಳೆಯುವ ಭಾರವನ್ನೆಲ್ಲ ಅದೇ ಹೊರುವುದು. ಅದಿಲ್ಲದೆ ಎಳೆಯುತ್ತಿದ್ದರೆ ಭಾರ ಕ್ಲಿಪ್ ಮೇಲೆ ಬಿದ್ದು, ಒಂದು ದಿನ ಇಡೀ ಪ್ಯಾನೆಲ್ ಮಡಿಲಿಗೆ ಬರುತ್ತದೆ. ಇವತ್ತೇ ಹಾಕಿ.

ಕಕ್ಕಬ್ಬೆ ಜೇನು

ಮುಚ್ಚಳ ಎತ್ತಿ ನೋಡಿದೆ, ತೂತು ಖಾಲಿ. ಹಾಕಿದೆ. ಕಿರ್ ನಿಂತಿತು. ಗಿಡ್ಡದ್ದು ಎಲ್ಲಿಯದು ಮಾಮ? ಇಡೀ ಗಾಡಿ ಹುಡುಕಿದೆ.

ಟಿಂಕರ್ ಮಾಮ, ಕುಶಾಲನಗರ

ಫೋಟೋ ದೊಡ್ಡದು ಮಾಡಿ ನೋಡಿದೆ. ಅದು ಮರದ ಸ್ಕ್ರೂ. ಕೋಳಿಗೂಡು ನೋಡಿ.